ಸಹಾಯಧನದ ಪಟ್ಟಿಯಲ್ಲಿ ಬಾಡಿಗೆ ಏಕಿಲ್ಲ?

ನಮ್ಮ ಕನ್ನಡ ಸಂಘಗಳ ವಾರ್ಷಿಕ ವರದಿಗಳನ್ನು ಕೊನೆಯ ಪುಟದವರೆಗೆ ಓದುವವರು ಬಹಳ ಮಂದಿ ಇರಲಾರರು. ಓದುವವರಿಗೆ ಅದರ ಕ್ರಮ ಬಾಯಿಪಾಠ. ಅಧ್ಯಕ್ಷರ ಮಾತು, ಅಗಲಿದವರಿಗೆ ಶ್ರದ್ಧಾಂಜಲಿ, ನಾಡಹಬ್ಬ, ಯಕ್ಷಗಾನ, ಪುಸ್ತಕ ಬಿಡುಗಡೆ, ಸನ್ಮಾನ, ಮತ್ತೆ ಸನ್ಮಾನ, ಕೊನೆಯಲ್ಲಿ ಜಮಾಖರ್ಚು. ಆ ಜಮಾಖರ್ಚಿನಲ್ಲಿ ‘ಸಹಾಯಧನ’ ಎಂಬ ಒಂದು ಬಾಬ್ತು ಇರುತ್ತದೆ. ಅದರಡಿ ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ಕೆಲವೆಡೆ ವಿವಾಹಕ್ಕೆ ನೆರವು, ಇನ್ನು ಕೆಲವೆಡೆ ವಿಧವೆಯರಿಗೆ ಮಾಸಾಶನ. ಥಾಣೆಯಿಂದ ಕಲ್ಯಾಣದವರೆಗೆ, ವಾಶಿಯಿಂದ ಪನವೇಲದವರೆಗೆ ನಮ್ಮ ಕೈಗೆ ಬಂದ ವರದಿಗಳಲ್ಲಿ ನಾವು ಒಂದೇ ಶಬ್ದವನ್ನು ಹುಡುಕಿದೆವು: ಬಾಡಿಗೆ. ಸಭಾಗೃಹದ ಬಾಡಿಗೆ ಸಿಕ್ಕಿತು, ಧ್ವನಿವರ್ಧಕದ ಬಾಡಿಗೆ ಸಿಕ್ಕಿತು, ವೇಷಭೂಷಣದ ಬಾಡಿಗೆಯೂ ಸಿಕ್ಕಿತು. ಮನುಷ್ಯರು ವಾಸಿಸುವ ಖೋಲಿಯ ಬಾಡಿಗೆ ಸಿಗಲಿಲ್ಲ.

ಈ ಭಾಗದ ದುಡಿಯುವ ಕನ್ನಡಿಗರ ಸಂಸಾರ ಕುಸಿಯುವುದು ಬಹುಮಟ್ಟಿಗೆ ಈ ಒಂದು ಬಾಬ್ತಿನಲ್ಲೇ. ಮಗುವಿನ ಶುಲ್ಕವನ್ನು ಹೇಗೋ ಹೊಂದಿಸುತ್ತಾರೆ. ಆಸ್ಪತ್ರೆಯ ಖರ್ಚಿಗೆ ಹತ್ತು ಮಂದಿಯ ಮುಂದೆ ಕೈಯೊಡ್ಡುವುದು ಕಷ್ಟವಾದರೂ ಅದಕ್ಕೆ ಕೊಡುವ ಕೈಗಳಿವೆ. ಬಾಡಿಗೆಗೆ ಯಾರೂ ಕೊಡುವುದಿಲ್ಲ. ಅದನ್ನು ಕೇಳುವುದಕ್ಕೂ ನಾಚಿಕೆ. ಹನ್ನೊಂದು ತಿಂಗಳಿಗೊಮ್ಮೆ ‘ಲೀವ್ ಆಂಡ್ ಲೈಸೆನ್ಸ್’ ಕರಾರು ಮುಗಿಯುತ್ತದೆ. ಬಾಡಿಗೆ ಏರುತ್ತದೆ, ಡಿಪಾಜಿಟ್ ಏರುತ್ತದೆ, ಒಲ್ಲೆನೆಂದರೆ ಬೇರೆ ಖೋಲಿ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಟೆಂಪೊ ಬಾಡಿಗೆ, ಗ್ಯಾಸಿನ ವಿಳಾಸ ಬದಲಾವಣೆ, ಆಧಾರದ ವಿಳಾಸ ಬದಲಾವಣೆ. ಕಲ್ಯಾಣ ಪೂರ್ವದಲ್ಲಿ ನಮಗೆ ಪರಿಚಿತರಾದ ಒಬ್ಬರಿದ್ದಾರೆ. ಕುಂದಾಪುರದ ಕಡೆಯವರು, ಮೂವತ್ತು ವರ್ಷಗಳಿಂದ ಹೋಟೆಲಿನ ದುಡಿಮೆ. ಮದುವೆಯಾಗುವವರೆಗೆ ಹೋಟೆಲಿನ ಮಾಳಿಗೆಯೇ ಮನೆಯಾಗಿತ್ತು, ಹೀಗಾಗಿ ಬಾಡಿಗೆಯ ಬಿಸಿ ತಟ್ಟಿದ್ದು ತಡವಾಗಿ. ಕಳೆದ ಹನ್ನೆರಡು ವರ್ಷಗಳಲ್ಲಿ ಅವರು ಏಳು ಖೋಲಿಗಳನ್ನು ಬದಲಿಸಿದ್ದಾರೆ. ಅವರ ಮಗಳಿಗೆ ಸಂಘವೊಂದು ವಿದ್ಯಾರ್ಥಿವೇತನ ಕೊಟ್ಟು, ವೇದಿಕೆಯ ಮೇಲೆ ಫೋಟೋ ತೆಗೆಸಿತು. ಆ ಹಣ ಹೋದದ್ದು ದಲ್ಲಾಳಿಗೆ. ದಾನ ಕೊಟ್ಟವರಿಗೆ ಇದು ಗೊತ್ತಾದರೆ ದುರುಪಯೋಗವೆಂದಾರು. ಮಗಳು ಅದೇ ಶಾಲೆಯಲ್ಲಿ ಉಳಿಯಬೇಕಾದರೆ ಅದೇ ಸ್ಟೇಶನ್ನಿನ ಆಚೀಚೆ ಖೋಲಿ ಬೇಕು. ಆದ್ದರಿಂದ ಅದು ಶಿಕ್ಷಣಕ್ಕೇ ವಿನಿಯೋಗವಾಯಿತೆಂದು ನಾವು ತಿಳಿಯುತ್ತೇವೆ.

ವಸತಿಗೆ ನೆರವೆಂದರೆ ಭಿಕ್ಷೆಯೆಂಬ ಭಾವನೆ ನಮ್ಮ ಮಧ್ಯಮವರ್ಗದಲ್ಲಿ ಬಲವಾಗಿದೆ. ಆ ವರ್ಗ ಮೊದಲು ತನ್ನ ಸಂಬಳದ ಚೀಟಿಯನ್ನು ಓದಿಕೊಳ್ಳಲಿ. ಕೇಂದ್ರ ಸರ್ಕಾರದ ನೌಕರರಾದ ನಮಗೆ ಮೂಲವೇತನದ ಶೇಕಡಾ 30ರಷ್ಟು ಮನೆಬಾಡಿಗೆ ಭತ್ಯೆ ತಿಂಗಳು ತಿಂಗಳೂ ಜಮೆಯಾಗುತ್ತದೆ. ಒಲ್ಲದವರಿಗೆ ಸರ್ಕಾರಿ ವಸತಿಗೃಹ. ಕಟ್ಟಿಸುವವರಿಗೆ, ಕೊಳ್ಳುವವರಿಗೆ 25 ಲಕ್ಷ ರೂಪಾಯಿಯವರೆಗೆ ಮುಂಗಡ. ಗೃಹಸಾಲದ ಬಡ್ಡಿಯ ಮೇಲೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ಪ್ರಧಾನಮಂತ್ರಿ ಆವಾಸ್ ಯೋಜನೆ 2015ರ ಜೂನ್ 25ರಂದು ಆರಂಭವಾದದ್ದು ಬಡವರ ಹೆಸರಿನಲ್ಲಿ. 2017ರಿಂದ 2021ರ ಮಾರ್ಚ್‌ವರೆಗೆ ಅದರ ಬಡ್ಡಿ ಸಹಾಯಧನ ವರ್ಷಕ್ಕೆ 18 ಲಕ್ಷ ರೂಪಾಯಿ ಆದಾಯದವರಿಗೂ ದೊರಕಿತು. ನಮ್ಮ ನೆರೆಹೊರೆಯಲ್ಲಿ ಎರಡು ಲಕ್ಷ ಚಿಲ್ಲರೆ ರೂಪಾಯಿ ಸಾಲದ ಖಾತೆಗೆ ಜಮೆಯಾದ ದಿನ ಪೇಢೆ ಹಂಚಿದವರಿದ್ದಾರೆ. ಅದನ್ನು ಯಾರೂ ಭಿಕ್ಷೆಯೆನ್ನಲಿಲ್ಲ, ಯೋಜನೆಯ ಲಾಭವೆಂದರು. ಅದೇ ಕೆಲಸ ಚಪಾತಿ ಲಟ್ಟಿಸುವ ಹೆಂಗಸಿನ ಪಾಲಿಗೆ ಬಂದರೆ ಮಾತ್ರ ಅದಕ್ಕೆ ‘ಸಹಾಯ’ವೆಂಬ ಹೆಸರು, ಅದರ ಹಿಂದೆ ನೂರು ವಿಚಾರಣೆ.

ಸರ್ಕಾರದ ಯೋಜನೆಗಳಿಲ್ಲವೆ? ಇವೆ, ಬೇಕಾದಷ್ಟಿವೆ. ಬಾಂದ್ರಾದ ಗೃಹನಿರ್ಮಾಣ ಭವನದಲ್ಲಿ ಮ್ಹಾಡಾದ ಕೊಂಕಣ ಮಂಡಳಿ, ಬೇಲಾಪುರದಲ್ಲಿ ಸಿಡ್ಕೊ. ನಾಲ್ಕು ಸಾವಿರ ಚದರ ಮೀಟರಿಗಿಂತ ದೊಡ್ಡ ನಿವೇಶನದಲ್ಲಿ ಕಟ್ಟುವ ಬಿಲ್ಡರ ಶೇಕಡಾ 20ರಷ್ಟನ್ನು ದುರ್ಬಲ ಹಾಗೂ ಅಲ್ಪ ಆದಾಯದವರಿಗೆ ಬಿಡಬೇಕೆಂಬ ನಿಯಮದಡಿ ಥಾಣೆಯಲ್ಲಿ, ಕಲ್ಯಾಣದಲ್ಲಿ, ನವಿಮುಂಬಯಿಯಲ್ಲಿ ಮನೆಗಳು ಲಾಟರಿಗೆ ಬರುತ್ತವೆ. ಡೊಂಬಿವಲಿಯ ಆಚೆ ಖೋಣಿ, ಶಿರಢೋಣಗಳಲ್ಲಿ ಆವಾಸ್ ಯೋಜನೆಯ ಕಟ್ಟಡಗಳೆದ್ದಿವೆ. ಇವೆಲ್ಲವೂ ಕೊಳ್ಳುವ ಮನೆಗಳು. ಯಾರಿಗೆ ಕೊಳ್ಳಲು ಶಕ್ತಿಯಿಲ್ಲವೋ ಅವರ ಹೆಸರಿನಲ್ಲಿ ಕೊಳ್ಳುವ ಮನೆಗಳನ್ನು ಕಟ್ಟಿ, ಕೊಳ್ಳಲಾಗದಿದ್ದರೆ ಅದು ಅವರ ದುರದೃಷ್ಟವೆನ್ನುವುದು ಇಲ್ಲಿನ ವಸತಿ ನೀತಿಯ ತಿರುಳು.

ಒಂದು ಲೆಕ್ಕ ನೋಡೋಣ. ಸಿಡ್ಕೊ 2024ರ ಅಕ್ಟೋಬರಿನಲ್ಲಿ 26,000 ಮನೆಗಳ ಯೋಜನೆಯೊಂದನ್ನು ಪ್ರಕಟಿಸಿತು. 2025ರ ಜನವರಿಯಲ್ಲಿ ದರಗಳು ಹೊರಬಿದ್ದವು. ಆರ್ಥಿಕವಾಗಿ ದುರ್ಬಲರೆನಿಸಿದವರಿಗೆ ಮೀಸಲಾದ ಅತಿ ಅಗ್ಗದ ಮನೆ ತಳೋಜಾದ 28ನೆಯ ಸೆಕ್ಟರಿನಲ್ಲಿ, ಬೆಲೆ 25.1 ಲಕ್ಷ. ವಾಶಿಯ ಟ್ರಕ್ ಟರ್ಮಿನಲ್ಲಿನ ಅಲ್ಪ ಆದಾಯದ ಮನೆಗೆ 74.1 ಲಕ್ಷ. ಅಲ್ಪ ಆದಾಯವೆಂಬ ಶಬ್ದದ ಅರ್ಥ ವಾಶಿಯಲ್ಲಿ ಬೇರೆಯೇ ಇರಬೇಕು. ತಳೋಜಾದ ಮನೆಯನ್ನೇ ಹಿಡಿಯೋಣ. ಕೇಂದ್ರದ ಒಂದೂವರೆ ಲಕ್ಷ, ರಾಜ್ಯದ ಒಂದು ಲಕ್ಷ, ಹೀಗೆ ಎರಡೂವರೆ ಲಕ್ಷದ ನೆರವು ಕಳೆಯಿತೆನ್ನಿ. ಹೆಂಡತಿಯ ಬಂಗಾರ ಮಾರಿ ಮತ್ತೆರಡೂವರೆ ಲಕ್ಷ ಹುಟ್ಟಿತೆನ್ನಿ. ಉಳಿದ 20 ಲಕ್ಷಕ್ಕೆ ಎಂಟೂವರೆ ಬಡ್ಡಿಯಂತೆ ಇಪ್ಪತ್ತು ವರ್ಷಗಳ ಸಾಲವೆಂದರೆ ತಿಂಗಳಿಗೆ ಹದಿನೇಳು ಸಾವಿರದ ಮೇಲೆ ಕಂತು. ಮೂವತ್ತು ಸಾವಿರ ತರುವ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಸೊಸೈಟಿಯ ಶುಲ್ಕ, ತಳೋಜಾದಿಂದ ಕೆಲಸದ ಸ್ಥಳಕ್ಕೆ ಹೋಗಿಬರುವ ಖರ್ಚು ಇದರಾಚೆ. ಆ ಯೋಜನೆಗೆ ಕಡೆಗೆ ಹಣ ಕಟ್ಟಿ ಉಳಿದ ಅರ್ಜಿದಾರರು ಸುಮಾರು 21 ಸಾವಿರ ಮಾತ್ರ. ಬಹುಮಾನಗಳಿಗಿಂತ ಚೀಟಿಗಳೇ ಕಡಿಮೆಯಾದ ಈ ಲಾಟರಿ ನಡೆದದ್ದು ತಲೆಯ ಮೇಲೆ ಸೂರಿಲ್ಲದವರು ಲಕ್ಷಗಟ್ಟಲೆ ಇರುವ ಸೀಮೆಯಲ್ಲಿ.

ಬೆಲೆಯನ್ನು ದಾಟಿದವನು ಬ್ಯಾಂಕಿನ ಬಾಗಿಲಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಯೋಜನೆಗೆ ಅರ್ಹನಾಗಲು ಕುಟುಂಬದ ವಾರ್ಷಿಕ ಆದಾಯ 6 ಲಕ್ಷ ಮೀರಬಾರದು. ಅದಕ್ಕೆ ತಹಸೀಲ್ದಾರರ ಪ್ರಮಾಣಪತ್ರ ಬೇಕು. ಬ್ಯಾಂಕಿಗೆ ಸಂಬಳದ ಚೀಟಿ ಬೇಕು, ಮೂರು ವರ್ಷಗಳ ಆದಾಯ ತೆರಿಗೆ ವಿವರ ಬೇಕು. ರಿಕ್ಷಾ ಓಡಿಸುವವನಿಗೆ, ಕ್ಯಾಟರಿಂಗಿನಲ್ಲಿ ದಿನಗೂಲಿಗೆ ಹೋಗುವವನಿಗೆ, ನಾಲ್ಕು ಮನೆಗಳಲ್ಲಿ ಅಡುಗೆ ಮಾಡುವವಳಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ತಹಸೀಲ್ದಾರರ ಮುಂದೆ ಬಡವನೆಂದು ಸಾಬೀತು ಮಾಡಿದ ಮನುಷ್ಯ ಅದೇ ವಾರ ಬ್ಯಾಂಕಿನ ಮ್ಯಾನೇಜರರ ಮುಂದೆ ಸಾಕಷ್ಟು ಬಡವನಲ್ಲವೆಂದು ಸಾಬೀತು ಮಾಡಬೇಕು. ಎರಡನ್ನೂ ಸಾಧಿಸಿದವರು ಇದ್ದಾರೆ. ಅವರಲ್ಲಿ ಬಹುತೇಕರು ನಿಜವಾಗಿ ಬಡವರಲ್ಲ. ತಮ್ಮ ಆದಾಯವನ್ನು ಎಲ್ಲೆಲ್ಲಿ ಎಷ್ಟೆಷ್ಟು ತೋರಿಸಬೇಕೆಂದು ಬಲ್ಲವರು. 2024ರ ಸೆಪ್ಟೆಂಬರಿನಿಂದ ನಡೆಯುತ್ತಿರುವ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ಬಡ್ಡಿ ಸಹಾಯ 1.80 ಲಕ್ಷದವರೆಗೆ, ಐದು ವಾರ್ಷಿಕ ಕಂತುಗಳಲ್ಲಿ. ಅದೂ ಸಾಲ ಸಿಕ್ಕವನಿಗೆ.

ಇನ್ನು ‘ಡೊಮಿಸೈಲ್’. ಮ್ಹಾಡಾದ ಮನೆಗೆ ಅರ್ಜಿ ಹಾಕುವವನು ಕಳೆದ 20 ವರ್ಷಗಳಲ್ಲಿ 15 ವರ್ಷ ಮಹಾರಾಷ್ಟ್ರದಲ್ಲಿ ಸತತವಾಗಿ ವಾಸಿಸಿರಬೇಕು. ಇದನ್ನು ಭಾಷಾದ್ವೇಷವೆಂದು ಹುಯಿಲೆಬ್ಬಿಸುವವರ ಜೊತೆ ನಾವಿಲ್ಲ. ಯಾವ ರಾಜ್ಯವೂ ತನ್ನ ನೆಲದಲ್ಲಿ ಕಟ್ಟಿದ ಅಗ್ಗದ ಮನೆಗೆ ಇಂಥದೊಂದು ನಿಯಮ ಇಟ್ಟುಕೊಳ್ಳುವುದು ಸಹಜ. ಕರ್ನಾಟಕದಲ್ಲಿದ್ದರೆ ನಾವೂ ಅದನ್ನೇ ಕೇಳುತ್ತಿದ್ದೆವು. ನಮ್ಮ ತಕರಾರು ಬೇರೆ. ಹೋಟೆಲಿನ ಮಾಳಿಗೆಯಲ್ಲಿ ಮಲಗಿದವನು, ಏಳು ಖೋಲಿ ಬದಲಿಸಿದವನು ಇಲ್ಲಿ ಮೂವತ್ತು ವರ್ಷ ಬದುಕಿದ್ದಾನೆ, ಆದರೆ ಹದಿನೈದು ವರ್ಷ ಬದುಕಿದ್ದಕ್ಕೆ ಅವನ ಬಳಿ ಕಾಗದವಿಲ್ಲ. ರೇಶನ್ ಕಾರ್ಡು ಊರಿನದು, ಮತದಾನದ ಚೀಟಿ ಊರಿನದು. ಶಾಲೆಯ ದಾಖಲೆಯಿರುವ ಸಾಧ್ಯತೆ ಒಂದೇ: ಕನ್ನಡದ ರಾತ್ರಿಶಾಲೆಯಲ್ಲಿ ಓದಿದ್ದರೆ. ಆ ಶಾಲೆಗಳಲ್ಲಿ ಎಷ್ಟೋ ಮುಚ್ಚಿಹೋದವು. ಅವುಗಳ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳು ಈಗ ಯಾವ ಕಪಾಟಿನಲ್ಲಿವೆ? ಸ್ಮರಣ ಸಂಚಿಕೆಗಳಲ್ಲಿ ರಾತ್ರಿಶಾಲೆಗಳ ಕೀರ್ತಿಯನ್ನು ಬರೆಯುವ ಮಹನೀಯರು ಒಮ್ಮೆ ಆ ಕಪಾಟನ್ನು ತೆರೆದರೆ ಒಬ್ಬ ಮಾಜಿ ವಿದ್ಯಾರ್ಥಿಗೆ ಮನೆಯ ಅರ್ಜಿ ಸಾಧ್ಯವಾದೀತು.

ಊರಿನ ಮನೆಯ ಬಗೆಗೂ ತಪ್ಪು ತಿಳಿವಳಿಕೆ ಹಬ್ಬಿದೆ. ತಂದೆಯ ಹೆಸರಿನಲ್ಲಿ ಕುಂದಾಪುರದಲ್ಲೋ ಕುಮಟೆಯಲ್ಲೋ ಹಂಚಿನ ಮನೆಯೊಂದಿದ್ದರೆ ಇಲ್ಲಿ ಯಾವ ಯೋಜನೆಗೂ ಅರ್ಜಿ ಹಾಕುವಂತಿಲ್ಲವೆಂದು ನಂಬಿ ಸುಮ್ಮನಿದ್ದವರನ್ನು ನಾವು ಕಂಡಿದ್ದೇವೆ. ಆವಾಸ್ ಯೋಜನೆ ಕೇಳುವುದು ಗಂಡ, ಹೆಂಡತಿ, ಅವಿವಾಹಿತ ಮಕ್ಕಳ ಹೆಸರಿನಲ್ಲಿ ದೇಶದಲ್ಲೆಲ್ಲಿಯಾದರೂ ಪಕ್ಕಾ ಮನೆಯಿದೆಯೇ ಎಂದು. ಮ್ಹಾಡಾದ ಲಾಟರಿ ಕೇಳುವುದು ಆಯಾ ನಗರಸಭೆಯ ವ್ಯಾಪ್ತಿಯಲ್ಲಿ ಸ್ವಂತ ಮನೆಯಿದೆಯೇ ಎಂದು. ಈ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಅಚ್ಚುಮಾಡಿ ಒಂದು ಪುಟದ ಕರಪತ್ರವಾಗಿ ಹಂಚಿದ ಸಂಘವನ್ನು ನಾವು ಇದುವರೆಗೆ ನೋಡಿಲ್ಲ. ಸನ್ಮಾನಪತ್ರಗಳನ್ನು ಆರ್ಟ್ ಪೇಪರಿನಲ್ಲಿ ಬಣ್ಣಬಣ್ಣವಾಗಿ ಅಚ್ಚುಹಾಕಿಸುವುದನ್ನು ಮಾತ್ರ ನೋಡಿದ್ದೇವೆ.

ಇವರೆಲ್ಲರಿಗಿಂತ ಕೆಳಗೆ ಇನ್ನೊಂದು ಕನ್ನಡವಿದೆ. ಬೆಳಿಗ್ಗೆ ಏಳಕ್ಕೆ ಖಾರ್‌ಘರ್, ಕೋಪರ್‌ಖೈರಣೆಗಳ ನಾಕಾಗಳಲ್ಲಿ ನಿಂತರೆ ಕಿವಿಗೆ ಬೀಳುವುದು ಕಲಬುರಗಿಯ ಕನ್ನಡ, ವಿಜಯಪುರದ ಕನ್ನಡ, ಲಂಬಾಣಿ. ನಾವು ವಾಸಿಸುವ ಕಟ್ಟಡಗಳನ್ನು ಕಟ್ಟಿದವರು ಇವರು. ಕಟ್ಟುವಾಗ ಅದರ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿದ್ದು, ನೀರಿನ ಸಂಪರ್ಕ ಬರುವ ಹೊತ್ತಿಗೆ ಬೇರೆ ಬುಡಕ್ಕೆ ಹೋದವರು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯಿದೆ ಬಂತು. ಪ್ರತಿಯೊಂದು ದೊಡ್ಡ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಉಪಕರ ವಸೂಲಾಗಿ ಕಲ್ಯಾಣ ಮಂಡಳಿಗೆ ಹೋಗುತ್ತದೆ. ನೋಂದಾಯಿತ ಕಾರ್ಮಿಕನಿಗೆ ವಸತಿ ನೆರವು ಸೇರಿದಂತೆ ಅನೇಕ ಸವಲತ್ತುಗಳಿವೆ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ನಾಕಾದಲ್ಲಿ ನಿತ್ಯವೂ ಬೇರೆ ಬೇರೆ ಮೇಸ್ತ್ರಿಯ ಹಿಂದೆ ಹೋಗುವವನಿಗೆ ಆ ಪತ್ರವನ್ನು ಯಾರು ಕೊಡಬೇಕು? ಕಾನೂನಿನಂತೆ ಸ್ಥಳೀಯ ಸಂಸ್ಥೆಯ ಅಧಿಕಾರಿಯೂ ಕೊಡಬಹುದು. ಆದರೆ ಅವರ ಮುಂದೆ ಮರಾಠಿಯಲ್ಲಿ ಎರಡು ಮಾತು ಹೇಳಿ ಅರ್ಜಿ ತುಂಬಿಸುವವರು ಬೇಕು. ಎರಡೂ ಭಾಷೆ ಬಲ್ಲ, ಕಚೇರಿಯ ವ್ಯವಹಾರ ಬಲ್ಲ, ನಿವೃತ್ತರಾಗಿ ಬಿಡುವಿರುವ ಜನ ನಮ್ಮ ಸಂಘಗಳಲ್ಲಿ ತುಂಬಿದ್ದಾರೆ. ಗಡಿನಾಡಿನ ಕನ್ನಡಕ್ಕಾಗಿ ಠರಾವು ಪಾಸು ಮಾಡುವ ನಮಗೆ ನಾಕಾದ ಕನ್ನಡ ಕನ್ನಡವಾಗಿ ಕೇಳಿಸುವುದಿಲ್ಲ. ಕರಾವಳಿಯವರು ಕಟ್ಟಿದ ಸಂಘ, ಬಯಲುಸೀಮೆಯವರ ಸಂಘ ಎಂಬ ಒಳಗೋಡೆಗಳೂ ಇವೆ. ಅದನ್ನು ಇನ್ನೊಮ್ಮೆ ವಿವರವಾಗಿ ಬರೆಯಬೇಕು.

ಯೋಜನೆಯ ಬಾಗಿಲು ಮುಚ್ಚಿದವರು ಹೋಗುವುದೆಲ್ಲಿಗೆ? ಅನಧಿಕೃತ ಕಟ್ಟಡಗಳಿಗೆ. 2013ರ ಏಪ್ರಿಲ್ 4ರಂದು ಶೀಳ್ ಫಾಟಾದಲ್ಲಿ ಕಟ್ಟುತ್ತಿರುವಾಗಲೇ ಜನರನ್ನು ತುಂಬಿದ್ದ ಕಟ್ಟಡ ಕುಸಿದು 74 ಜನ ಸತ್ತರು. 2015ರ ಜುಲೈಯಲ್ಲಿ ಠಾಕುರ್ಲಿಯಲ್ಲಿ 9 ಜನ ಸತ್ತದ್ದು ಹಳೆಯ, ಅಪಾಯಕಾರಿಯೆಂದು ಗುರುತಿಸಿದ್ದ ಕಟ್ಟಡದಡಿ. ಖಾಲಿಮಾಡಿ ಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ. 2025ರ ಮೇ ತಿಂಗಳಲ್ಲಿ ಕಲ್ಯಾಣ ಪೂರ್ವದಲ್ಲಿ ಸ್ಲ್ಯಾಬು ಕುಸಿದು 6 ಜನ. ದಿಘಾದಲ್ಲಿ 99 ಅನಧಿಕೃತ ಕಟ್ಟಡಗಳನ್ನು ಕೆಡವಲು ಆದೇಶವಾದಾಗ ಬೀದಿಗೆ ಬಂದವರು ಕೊಂಡವರು ಮತ್ತು ಬಾಡಿಗೆಗಿದ್ದವರು. ಕಟ್ಟಿದವರು ಅಲ್ಲಿ ವಾಸವಿರಲಿಲ್ಲ. ಡೊಂಬಿವಲಿ ಪ್ರದೇಶದ 65 ಕಟ್ಟಡಗಳ ಪ್ರಕರಣ ಇವೆಲ್ಲಕ್ಕಿಂತ ಘೋರವೆಂದು ನಮಗನ್ನಿಸುತ್ತದೆ. ಅಲ್ಲಿ ಕೊಂಡವರು ಕಣ್ಣುಮುಚ್ಚಿ ಕೊಂಡವರಲ್ಲ. ಮಹಾನಗರಪಾಲಿಕೆಯ ಅನುಮತಿಪತ್ರವಿತ್ತು, ಮಹಾರೇರಾದ ನೋಂದಣಿಯಿತ್ತು, ಬ್ಯಾಂಕಿನ ಸಾಲವಿತ್ತು. ಅನುಮತಿಪತ್ರವೇ ಖೋಟಾ, ಅದರ ಆಧಾರದ ಮೇಲಿನ ನೋಂದಣಿ ಮಾತ್ರ ಅಸಲಿ. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅವುಗಳನ್ನು ಕೆಡವಲು ಆದೇಶಿಸಿತು. ಸುಮಾರು 6,500 ಕುಟುಂಬಗಳೆಂಬ ಸಂಖ್ಯೆ ಪತ್ರಿಕೆಗಳಲ್ಲಿ ಬಂತು. ಹೆವಿ ಡಿಪಾಜಿಟ್ ಕೊಟ್ಟು ಅಂಥ ಮನೆಗಳಲ್ಲಿ ಬಾಡಿಗೆಗಿರುವವರು ಯಾವ ಪಟ್ಟಿಗೂ ಸೇರುವುದಿಲ್ಲ.

ಹೆವಿ ಡಿಪಾಜಿಟ್ಟಿನ ಬಗ್ಗೆ ಒಳನಾಡಿನ ಓದುಗರಿಗೆ ಒಂದು ಮಾತು. ಬೆಂಗಳೂರಿನ ಭೋಗ್ಯದಂಥ ವ್ಯವಸ್ಥೆ ಇದು: ನಾಲ್ಕೈದು ಲಕ್ಷ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇರುವುದು. ಊರಿನ ತೋಟದ ಪಾಲು ಮಾರಿದ ಹಣ, ಭವಿಷ್ಯನಿಧಿಯ ಹಣ, ಹೀಗೆ ಬದುಕಿನ ಒಟ್ಟು ಉಳಿತಾಯ ಒಬ್ಬ ಮಾಲೀಕನ ಕೈಗೆ ಹೋಗುತ್ತದೆ. ಬಹಳ ಸಲ ಒಂದು ಸ್ಟಾಂಪ್ ಪೇಪರಿನ ಮೇಲೆ, ನೋಂದಣಿಯಿಲ್ಲದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮು ಕರಾರನ್ನು ಲಿಖಿತವಾಗಿ ನೋಂದಾಯಿಸಬೇಕೆನ್ನುತ್ತದೆ. ನೋಂದಾಯಿಸುವ ಹೊಣೆ ಮಾಲೀಕನದು. ನೋಂದಣಿಯಿಲ್ಲದಿದ್ದರೆ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನ ಮಾತನ್ನೇ ಮೊದಲು ನಂಬಬೇಕೆಂದೂ ಹೇಳುತ್ತದೆ. ಇಷ್ಟು ಬಲವಾದ ಆಯುಧ ತನ್ನ ಕೈಯಲ್ಲಿದೆಯೆಂದು ಬಾಡಿಗೆದಾರನಿಗೆ ಗೊತ್ತಿಲ್ಲ. ಮಾಲೀಕನಿಗೆ ಗೊತ್ತಿದೆ, ಅದಕ್ಕೇ ಅವನು ಮುಂದೂಡುತ್ತಾನೆ. ಆ ಮಾಲೀಕ ಯಾವಾಗಲೂ ಪರಭಾಷೆಯವನೇ ಆಗಿರುವುದಿಲ್ಲ. ಎರಡನೆಯ, ಮೂರನೆಯ ಫ್ಲ್ಯಾಟುಳ್ಳ ಕನ್ನಡಿಗರು ನಮ್ಮ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿರುತ್ತಾರೆ. ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವವರಲ್ಲಿ ಬಿಲ್ಡರರಿಗೂ ಕೊರತೆಯಿಲ್ಲ. ಶಾಲು ಹೊದಿಸುವ ಮುನ್ನ ಕಟ್ಟಡದ ಅನುಮತಿಪತ್ರವನ್ನು ತೋರಿಸಿ ಎಂದು ಕೇಳಿದ ಸಂಘ ಯಾವುದು?

ಬಡವರಿಗೆ ಬಾಡಿಗೆಯ ಮನೆ ಎಂಬುದು ನಾವು ಕಂಡ ಹೊಸ ಕನಸಲ್ಲ. ಇದೇ ಮುಂಬಯಿಯಲ್ಲಿ 1920ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ವರಳಿ, ನಾಯಗಾಂವ್, ಲೋವರ್ ಪರೇಲ್, ಶಿವಡಿಗಳಲ್ಲಿ ಬಿಡಿಡಿ ಚಾಳುಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿತು. ಒಟ್ಟು 207 ಕಟ್ಟಡಗಳು, ತಲಾ 160 ಚದರ ಅಡಿಯ ಖೋಲಿಗಳು. ಅದೇ ದಶಕದಲ್ಲಿ ವಿಯೆನ್ನಾ ನಗರಸಭೆಯೂ ಕಾರ್ಮಿಕರಿಗೆ ಬಾಡಿಗೆ ಮನೆಗಳನ್ನು ಕಟ್ಟತೊಡಗಿತು, ಇಂದಿಗೂ ಕಟ್ಟುತ್ತಿದೆ. ಇಲ್ಲಿ ಅದು ನಿಂತುಹೋಯಿತು. 2008ರಲ್ಲಿ ಎಂಎಂಆರ್‌ಡಿಎ ಬಾಡಿಗೆ ವಸತಿ ಯೋಜನೆಯೊಂದನ್ನು ತಂದಾಗ ಖೋಲಿಯ ಅಳತೆ ಮತ್ತೆ 160 ಚದರ ಅಡಿ. ಎಂಬತ್ತು ವರ್ಷಗಳಲ್ಲಿ ಬಡವನ ಮೈಯಳತೆ ಒಂದಿಂಚೂ ಬೆಳೆಯಲಿಲ್ಲ. ಕೊನೆಗೆ ಆ ಯೋಜನೆಯೂ ಮಾರುವ ಮನೆಗಳ ಕಡೆಗೇ ಹೊರಳಿತು. ಕೊರೋನಾ ಕಾಲದಲ್ಲಿ ವಲಸೆ ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆದುಹೋದ ಮೇಲೆ, 2020ರ ಜುಲೈಯಲ್ಲಿ ಕೇಂದ್ರ ಸರ್ಕಾರಕ್ಕೆ ಬಾಡಿಗೆ ವಸತಿ ಸಮುಚ್ಚಯಗಳ ನೆನಪಾಯಿತು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಒಪ್ಪಿದ ಹೊಸ ವಸತಿ ನೀತಿ 2030ರೊಳಗೆ 35 ಲಕ್ಷ ಮನೆಗಳ ಮಾತಾಡುತ್ತದೆ. ಬಾಡಿಗೆ ಮನೆಗಳ ಪ್ರಸ್ತಾಪವೂ ಅದರಲ್ಲಿದೆ. ಎಂಗೆಲ್ಸ್ 1872ರಲ್ಲಿ ವಸತಿಯ ಪ್ರಶ್ನೆಯ ಬಗ್ಗೆ ಬರೆದಾಗ, ಬಾಡಿಗೆದಾರರೆಲ್ಲರನ್ನೂ ಕಂತಿನ ಮೇಲೆ ಒಡೆಯರನ್ನಾಗಿಸಿದರೆ ತೊಂದರೆ ತೀರುವುದೆಂಬ ವಾದವನ್ನೇ ಎದುರಿಸುತ್ತಿದ್ದರು. ಅವರ ಮಿಕ್ಕ ತೀರ್ಮಾನಗಳನ್ನೆಲ್ಲ ಒಪ್ಪದವರೂ ಇದೊಂದನ್ನು ತಳೋಜಾದಲ್ಲಿ ನಿಂತು ಓದಬಹುದು.

ಸರ್ಕಾರ ಮಾಡುವವರೆಗೆ ಕಾಯದೆ ತಾವೇ ಮಾಡಿದವರು ನಮ್ಮ ಕಡೆಯವರಲ್ಲೇ ಇದ್ದರು. ಕೆನರಾ ಜಿಲ್ಲೆಗಳಿಂದ ಬಂದ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು. ಎರಡರ ಹಿಂದೆಯೂ ಇದ್ದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ. ಗಾಮದೇವಿಯಲ್ಲಿ ಕಟ್ಟಡದ ಒಡೆತನ ಸಂಘದ್ದು, ಸದಸ್ಯ ಸಂಘದ ಬಾಡಿಗೆದಾರ. ಗುಮಾಸ್ತೆಯ ಸಂಬಳದವನು ಮಾಲೀಕನ ಮರ್ಜಿಯಿಲ್ಲದೆ ಬದುಕಲು ಕಂಡುಕೊಂಡ ಉಪಾಯ ಅದು. ಆ ಸಂಘ ಒಂದು ಜಾತಿಯದು, ಆ ಗೆರೆಯನ್ನು ಅದು ದಾಟಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನೂರು ವರ್ಷಗಳ ನಂತರ ಆ ಗೆರೆಯಿಲ್ಲದೆ ಅದೇ ಕೆಲಸ ಮಾಡುವ ಅವಕಾಶ ಭಾಷೆಯ ಹೆಸರಿನ ಸಂಘಗಳಿಗಿದೆ. ಹಣ ನಿಭಾಯಿಸುವುದು ನಮಗೆ ಬಾರದ ವಿದ್ಯೆಯೆಂದು ಯಾರೂ ಹೇಳಲಾರರು. ಬಿಲ್ಲವ ಸಮಾಜದವರು 1978ರಲ್ಲಿ ಕಟ್ಟಿದ ಭಾರತ್ ಬ್ಯಾಂಕಿನ ಶಾಖೆಗಳು ನಮ್ಮ ಉಪನಗರಗಳಲ್ಲೇ ಇವೆ.

ನಮಗೆ ಎದುರಾಗುವ ಉತ್ತರಗಳು ಗೊತ್ತಿವೆ. ಸಂಘದ ಉದ್ದೇಶ ಭಾಷೆ, ಸಂಸ್ಕೃತಿ ಎಂಬುದು ಮೊದಲನೆಯದು. ಡೊಂಬಿವಲಿಯ ಖೋಲಿಯಿಂದ ಬದ್ಲಾಪುರಕ್ಕೆ, ಅಲ್ಲಿಂದ ಕರ್ಜತದ ಕಡೆಗೆ ಸರಿದು ಹೋದ ಕುಟುಂಬದ ಮಗು ನಿಮ್ಮ ಕನ್ನಡ ತರಗತಿಗೆ ಬರುವುದೆಂತು? ಪ್ರತಿ ವರ್ಷ ಸದಸ್ಯತ್ವದ ಪಟ್ಟಿಯಿಂದ ಜಾರಿಹೋಗುವ ಹೆಸರುಗಳನ್ನು ಯಾರಾದರೂ ಬೆನ್ನಟ್ಟಿ ಕೇಳಿದ್ದಾರೆಯೇ? ಸಾಲ ಕೊಟ್ಟರೆ ಮರಳುವುದಿಲ್ಲವೆಂಬುದು ಎರಡನೆಯದು. ಡಿಪಾಜಿಟ್ಟಿನ ಸಾಲ ಕೊಟ್ಟರೆ ಅದು ಖರ್ಚಾಗುವ ಹಣವಲ್ಲ. ನೋಂದಾಯಿತ ಕರಾರಿನಲ್ಲಿ ಸಂಘದ ಹೆಸರನ್ನೂ ಬರೆಸಿ, ಚೆಕ್ಕಿನ ಮೂಲಕ ಮಾಲೀಕನಿಗೇ ಕೊಟ್ಟು, ಖೋಲಿ ಬಿಟ್ಟಾಗ ಸಂಘದ ಖಾತೆಗೇ ಮರಳುವಂತೆ ಮಾಡಬಹುದು. ಹೀಗೆ ಮಾಡಿದರೆ ಕರಾರಿನ ನೋಂದಣಿಯೂ ತಾನಾಗಿ ಆಗುತ್ತದೆ. ಐವತ್ತು ಸಾವಿರದಂತೆ ಇಪ್ಪತ್ತು ಕುಟುಂಬಗಳಿಗೆ ಕೊಡಲು ಹತ್ತು ಲಕ್ಷ ಸಾಕು. ಒಂದು ವರ್ಷದ ಅದ್ದೂರಿ ವಾರ್ಷಿಕೋತ್ಸವವನ್ನು ಸರಳಗೊಳಿಸಿದರೆ ಅದರ ಒಂದು ಪಾಲಾದರೂ ಹುಟ್ಟುತ್ತದೆ. ಆ ಹಣ ಮರಳಿ ಬರುತ್ತದೆ, ಮತ್ತೊಬ್ಬರಿಗೆ ಹೋಗುತ್ತದೆ. ವಾರ್ಷಿಕೋತ್ಸವದ ಹಣ ಮರಳಿ ಬಂದ ಉದಾಹರಣೆಯಿಲ್ಲ.

ಮೂರನೆಯ ಉತ್ತರ, ಇವೆಲ್ಲ ಅಂತರ್ಜಾಲದಲ್ಲಿ ಸಿಗುತ್ತದೆ, ಹುಡುಕಿಕೊಳ್ಳಲಿ ಎಂಬುದು. ಹುಡುಕಿದವರಿಗೆ ಮೊದಲು ಸಿಗುವವನು ಏಜಂಟ. ಮ್ಹಾಡಾ ಆಗಲಿ ಸಿಡ್ಕೊ ಆಗಲಿ ಯಾವ ಮಧ್ಯವರ್ತಿಯನ್ನೂ ನೇಮಿಸಿಲ್ಲವೆಂದು ಪ್ರತಿ ಜಾಹೀರಾತಿನಲ್ಲೂ ಹೇಳುತ್ತವೆ; ಆ ಜಾಹೀರಾತು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ. ‘ಕೋಟಾ’ದಲ್ಲಿ ಮನೆ ಕೊಡಿಸುತ್ತೇನೆಂದವನು ಮಾತ್ರ ತುಳುವಿನಲ್ಲೋ ಕನ್ನಡದಲ್ಲೋ ಆಪ್ತವಾಗಿ ಮಾತಾಡುತ್ತಾನೆ. ಮಾತೃಭಾಷೆಯ ಬಳಕೆಯಲ್ಲಿ ವಂಚಕರು ನಮ್ಮ ಸಂಘಗಳಿಗಿಂತ ಮುಂದಿದ್ದಾರೆ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಡಿಪಾಜಿಟ್ಟಿಗೆಂದು ಒಂದು ಸಣ್ಣ ನಿಧಿ. ಭಾನುವಾರ ಬೆಳಿಗ್ಗೆ, ಭರತನಾಟ್ಯದ ತರಗತಿ ನಡೆಯುವ ಅದೇ ಸಭಾಗೃಹದ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಆದಾಯದ ದಾಖಲೆ, ಡೊಮಿಸೈಲ್, ಕಾರ್ಮಿಕ ಮಂಡಳಿಯ ನೋಂದಣಿ, ಲಾಟರಿಯ ಅರ್ಜಿಗಳನ್ನು ತುಂಬಿಕೊಡುವ ಇಬ್ಬರು ನಿವೃತ್ತರು. ಮನೆ ಕೊಳ್ಳಹೊರಟವನ ಕಾಗದವನ್ನು ಮಹಾನಗರಪಾಲಿಕೆಯ ನಗರರಚನಾ ವಿಭಾಗದಲ್ಲಿ ತಾಳೆ ನೋಡಿಸಿಕೊಡುವ ಒಬ್ಬ ವಕೀಲರು. ಸ್ವಂತ ಎರಡನೆಯ ಫ್ಲ್ಯಾಟನ್ನು ಬಾಡಿಗೆಗೆ ಕೊಡುವಾಗ ಕರಾರನ್ನು ನೋಂದಾಯಿಸುತ್ತೇನೆಂದು ಪ್ರತಿಯೊಬ್ಬ ಪದಾಧಿಕಾರಿಯೂ ಬರೆದುಕೊಡುವ ಒಂದು ಸಾಲು. ಈ ಕೊನೆಯದಕ್ಕೆ ಹೆಚ್ಚು ವಿರೋಧ ಬರುವುದೆಂದು ನಮ್ಮ ಅಂದಾಜು.

ಮಹಾಸಭೆಗಳ ಕಾಲ ಬರುತ್ತಿದೆ. ವಿಷಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂದೊಂದು ಸಾಲಿರುತ್ತದೆ. ಈ ವಿಷಯವನ್ನು ಅದಕ್ಕೆ ಬಿಡಬೇಡಿ. ಅಷ್ಟು ಹೊತ್ತಿಗೆ ಊಟದ ಪಾತ್ರೆಗಳ ಸದ್ದು ಕೇಳಿಸತೊಡಗಿ ಸಭೆ ಅರ್ಧ ಖಾಲಿಯಾಗಿರುತ್ತದೆ. ನಿಯಮದಂತೆ ಮುಂಚಿತವಾಗಿ ಕಾರ್ಯದರ್ಶಿಗೆ ಲಿಖಿತವಾಗಿ ಕೊಟ್ಟು, ಜಮಾಖರ್ಚಿನ ಮಂಜೂರಾತಿಗಿಂತ ಮೊದಲು ಚರ್ಚೆಗೆ ಬರುವಂತೆ ಕೇಳಿ, ಸ್ವೀಕೃತಿಯ ಸಹಿ ಪಡೆಯಿರಿ. ನಾವು ಸದಸ್ಯರಾಗಿರುವ ಸಂಘಕ್ಕೆ ಆ ಪತ್ರವನ್ನು ಕಳೆದ ವಾರ ಕೊಟ್ಟಿದ್ದೇವೆ.